ಗಾಜಿನಂಗಡಿಯವನ ಎರಡು ಸೆಕೆಂಡು

ಮೂಗಿನ ತುದಿಯಲ್ಲೇ ಕೋಪ ಇರುವವನು ಗಾಜಿನ ಅಂಗಡಿ ಇಡಬಾರದು. ನಾವೆಲ್ಲ ಸಿಡಿಮಿಡಿ ಎಂದೇ ಕರೆಯುತ್ತಿದ್ದ ಗೆಳೆಯ ಇಟ್ಟ. ಅಲ್ಲಿ ಮೇಜು ಗುದ್ದುವಂತಿಲ್ಲ, ಬಾಗಿಲು ದಡಾರನೆ ಎಳೆಯುವಂತಿಲ್ಲ, ಕೈಗೆ ಸಿಕ್ಕಿದ್ದನ್ನು ಎಸೆಯುವ ಸುಖವಂತೂ ಕನಸಿನ ಮಾತು. ಗೋಡೆಯುದ್ದಕ್ಕೂ ಮಾರಾಟಕ್ಕಿಟ್ಟ ಕನ್ನಡಿಗಳು ಬೇರೆ. ಸಿಟ್ಟು ಬಂದಾಗ ಎಲ್ಲ ಕಡೆಯಿಂದಲೂ ಅವನದೇ ಮುಖ ಅವನನ್ನು ದುರುಗುಟ್ಟಿ ನೋಡುತ್ತಿತ್ತು. ಇಂಥ ಶತ್ರುಸೈನ್ಯದ ನಡುವೆ ನಿಂತು ಆತ ದಿನವಿಡೀ ಕಿಟಕಿಗೆ, ಟೀಪಾಯಿಗೆ, ಫೋಟೋಗಳಿಗೆ ಗಾಜು ಕೊರೆಯುತ್ತಿದ್ದ. ಒಂದು ಚೂರೂ ಒಡೆದವನಲ್ಲ.

ಸಂಜೆ ನಾವು ಅಲ್ಲಿ ಸೇರುತ್ತಿದ್ದೆವು: ಎದುರಿನ ಔಷಧಿ ಅಂಗಡಿಯವರು, ಡ್ರೈವಿಂಗ್ ಕಲಿಸುವ ಮೇಡಂ, ಸಿಡಿಮಿಡಿಯ ಬಾಮೈದ ಮತ್ತು ನಾನು. ನಮ್ಮನ್ನು ಒಂದುಗೂಡಿಸಿದ್ದು, ದಿನಾ ಜಗಳ ಹಚ್ಚುತ್ತಿದ್ದದ್ದು ಒಂದೇ: ‘ಮೂರನೇ ಮಹಡಿ’ ಎಂಬ ಬ್ಯಾಂಡು.

“ಅವರ ಎರಡನೇ ಆಲ್ಬಮ್ ಮುಂದೆ ಉಳಿದದ್ದೆಲ್ಲ ಬರೀ ಜಾಹೀರಾತು” ಎನ್ನುವರು ಔಷಧಿ ಅಂಗಡಿಯವರು.

“ಅದರಲ್ಲಿ ಡ್ರಮ್ಮು ಕೇಳಿದೀರಾ? ಸ್ಟೀಲ್ ಡಬ್ಬ ಮೆಟ್ಟಿಲ ಮೇಲಿಂದ ಉರುಳಿದ ಹಾಗಿದೆ” ಎನ್ನುವರು ಮೇಡಂ.

“ನಿಮ್ಮ ಹತ್ರ ಕಲಿತೋರು ಗೇರ್ ಹಾಕಿದ್ರೂ ಹಾಗೇ ಕೇಳ್ಸತ್ತೆ, ಮೇಡಂ.”

“ನಿಮ್ಮ ಮಾತ್ರೆ ತಿಂದ್ರೆ ಕಿವೀನೂ ಹೋಗತ್ತೆ ಅಂತ ಗೊತ್ತಿರ್ಲಿಲ್ಲ ಬಿಡಿ.”

ಆದರೆ ಆ ಬ್ಯಾಂಡಿನ ಲೈವ್ ಆಲ್ಬಮ್ಮಿನ ಮಾತು ಬಂದರೆ ಸಭೆಯ ಬಾಯಿ ಬಂದ್. ಅದು ನಮ್ಮೂರಿನ ಸಭಾಂಗಣದಲ್ಲೇ ಧ್ವನಿಮುದ್ರಣವಾದದ್ದು. ಅದರ ಕೊನೆಯ ಹಾಡಿನಲ್ಲಿ, ಗಿಟಾರ್ ಒಂಟಿಯಾಗಿ ನುಡಿಯಬೇಕಾದ ಜಾಗಕ್ಕೆ ಸರಿಯಾಗಿ, ಪ್ರೇಕ್ಷಕರ ಕತ್ತಲಿನಿಂದ ಒಬ್ಬ ಗಂಟಲು ಹರಿದುಕೊಂಡು ಕೂಗುತ್ತಾನೆ: “ಕೂತ್ಕೊಳ್ಳೋ ಕಂಬ!” ಆಮೇಲೆ ಒಂದು ದೀರ್ಘ ಮೌನ. ಆಮೇಲೆ ಗಿಟಾರು, ಯಾರೂ ಅದುವರೆಗೆ ಕೇಳಿರದಂತೆ.

ಕೂಗಿದವನು ಸಿಡಿಮಿಡಿ. ಮೀಸೆ ಆಗಷ್ಟೇ ಬಲಿತಿದ್ದ ಕಾಲ. ಮುಂದಿನ ಸಾಲಿನ ಉದ್ದನೆಯ ಆಸಾಮಿಯೊಬ್ಬ ಎದ್ದು ನಿಂತು ವೇದಿಕೆಯನ್ನೇ ನುಂಗಿಬಿಟ್ಟಿದ್ದ. ಸಿಡಿಮಿಡಿಯ ಸಹನೆ, ಇದ್ದ ಎಳ್ಳಷ್ಟು, ಅಲ್ಲಿಗೆ ತೀರಿತು.

ಆ ಎರಡು ಸೆಕೆಂಡು ಅವನ ಸಾಮ್ರಾಜ್ಯವಾಯಿತು. ಸ್ನಾನದಮನೆಗೆ ಕನ್ನಡಿ ಕೊಳ್ಳಲು ಬಂದ ಬಡಪಾಯಿಗೂ ಅದನ್ನು ಕೇಳಿಸದೆ ಕಳಿಸುತ್ತಿರಲಿಲ್ಲ. “ಇರಿ, ಇರಿ, ಈಗ ನಾನು ಬರ್ತೀನಿ” ಎಂದು, ಎದುರಿಗೇ ನಿಂತುಕೊಂಡು ಹೇಳುತ್ತಿದ್ದ. ಆಮೇಲಿನ ಮೌನದ ಬಗ್ಗೆ ನಾವು ವರ್ಷಗಟ್ಟಲೆ ಚರ್ಚಿಸಿದ್ದೇವೆ. ಔಷಧಿ ಅಂಗಡಿಯವರ ಪ್ರಕಾರ ಅದು ಧ್ಯಾನ, ಮೇಡಂ ಪ್ರಕಾರ ತಂತಿ ಹರಿದದ್ದು. ಅವನ ಹೆಂಡತಿ ಮಾತ್ರ ಚರ್ಚೆಗೆ ಸೇರಲಿಲ್ಲ. “ನಾನು ಕಟ್ಕೊಂಡಿದ್ದು ಎರಡು ಸೆಕೆಂಡಿನ ಗಂಡನ್ನ. ಉಳಿದ ಹೊತ್ತೆಲ್ಲ ಮನೇಲಿ ಓಡಾಡೋದು ಯಾರೋ ಏನೋ” ಎನ್ನುತ್ತಿದ್ದರು.

ಹೀಗಿರುವಾಗ ಆ ಆಲ್ಬಮ್ಮನ್ನು ಹೊಸದಾಗಿ ‘ಸ್ವಚ್ಛಗೊಳಿಸಿ’ ಬಿಡುಗಡೆ ಮಾಡಿದರು. ಬಾಮೈದ ಸಡಗರದಿಂದ ಫೋನಿನಲ್ಲಿ ಹಚ್ಚಿದ. ಕೊನೆಯ ಹಾಡು ಬಂತು. ಸಿಡಿಮಿಡಿ ಕೈಯಲ್ಲಿದ್ದ ಕಟರ್ ಕೆಳಗಿಟ್ಟು, ಅಂಗಿ ಸರಿಪಡಿಸಿಕೊಂಡು, ತನ್ನ ಆಗಮನಕ್ಕೆ ಸಿದ್ಧನಾದ.

ಕೂಗು ಬರಲೇ ಇಲ್ಲ. ಮೌನ ಬಂತು, ಗಿಟಾರ್ ಬಂತು.

“ಮತ್ತೆ ಹಾಕು” ಎಂದ. ಬಾಮೈದ ಮತ್ತೆ ಹಾಕಿದ. ಸಿಡಿಮಿಡಿ ಇರಲಿಲ್ಲ.

ಒಡೆಯಲು ಅಷ್ಟೊಂದು ಸರಕು ಸುತ್ತಲೂ ಇದ್ದು ಏನನ್ನೂ ಮುಟ್ಟದೆ ನಿಂತವನ ಸ್ಥಿತಿಯನ್ನು ನಾನು ವರ್ಣಿಸಲಾರೆ. ಹಣೆಯ ನರ ತಂತಿಯಂತೆ ಎದ್ದಿತು. ಹೊರಗೆ ಬೀದಿಗೆ ಹೋಗಿ, ಸುರಕ್ಷಿತ ದೂರದಲ್ಲಿ ನಿಂತು, ಒಂದು ವಿದ್ಯುತ್ ಕಂಬಕ್ಕೆ ಒದ್ದು, ಕುಂಟುತ್ತಾ ಒಳಬಂದ.

“ಅವರೇನು ಸದ್ದು ತೆಗೆದಿಲ್ಲ, ನನ್ನನ್ನೇ ತೆಗೆದಿದಾರೆ. ನಾನು ಅಲ್ಲಿದ್ದೆ ಅನ್ನೋದಕ್ಕೆ ಇನ್ನೇನಿದೆ? ಹಳೇ ಕ್ಯಾಸೆಟ್ ಸವೆದು ಕಿರಗುಟ್ತಿದೆ. ನನಗೆ ನನ್ನ ಕೂಗು ವಾಪಸ್ ಬೇಕು.”

“ಕಂಪನಿಗೆ ಫೋನ್ ಮಾಡಯ್ಯಾ” ಎಂದರು ಔಷಧಿ ಅಂಗಡಿಯವರು. ಮಾಡಿದ. ಯಂತ್ರದ ಹೆಣ್ಣುದನಿಯೊಂದು ಎತ್ತಿಕೊಂಡಿತು. ಇವನು ಅದರ ವಂಶವನ್ನೆಲ್ಲ ಜಾಲಾಡಿಸಿದ ಮೇಲೂ ಅದು ಶಾಂತವಾಗಿ ಒಂಬತ್ತನ್ನು ಒತ್ತಲು ಹೇಳಿತು.

ಕೆಲವು ವಾರಗಳಲ್ಲೇ ಬ್ಯಾಂಡು ತಾನಾಗಿ ನಮ್ಮೂರಿಗೆ ಬಂತು. ಅದೇ ಸಭಾಂಗಣ, ಮತ್ತೆ ಧ್ವನಿಮುದ್ರಣ. ಬೆಳಿಗ್ಗೆ ನೋಡಿದರೆ ಮುದ್ರಣದ ಕೋಣೆಗೂ ಸಭಾಂಗಣಕ್ಕೂ ನಡುವಿನ ದೊಡ್ಡ ಗಾಜು ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತ್ತು. ವ್ಯವಸ್ಥಾಪಕರು ಯಾರಿಗೆ ಹೇಳಿಕಳಿಸುತ್ತಾರೆ? ಊರಿಗಿದ್ದದ್ದು ಒಂದೇ ಗಾಜಿನಂಗಡಿ.

ಮುಂದಿನ ಯುದ್ಧದ ವರದಿಯನ್ನು ಬಾಮೈದ ನಮಗೆಲ್ಲ ಅಭಿನಯಸಹಿತ ಒಪ್ಪಿಸಿದ. ಗಾಜನ್ನು ಒಂದು ಕಡೆ ಅವನು, ಇನ್ನೊಂದು ಕಡೆ ಭಾವ ಹಿಡಿದು ಕೋಣೆಗೆ ತಂದಿದ್ದರು. ಗೋಡೆಗೆ ಒರಗಿಸಿ, ಹಳೆಯ ಚೂರುಗಳನ್ನು ತೆಗೆದು, ಚೌಕಟ್ಟು ಕೆರೆದು, ಸುತ್ತಲೂ ಅಂಟು ಹಚ್ಚಿದ್ದರು. ಆಗ ನೆನಪಾಯಿತು, ಅಂಚಿಗೆ ಹೊಡೆಯುವ ಮರದ ಪಟ್ಟಿಗಳು ವ್ಯಾನಿನಲ್ಲೇ ಉಳಿದಿವೆ ಎಂದು. ಬಾಮೈದ ತರಲು ಓಡಿದ. ಅಂಟು ಒಣಗುತ್ತಿತ್ತು, ಸಿಡಿಮಿಡಿಗೆ ತಡೆಯಲಿಲ್ಲ. ಒಬ್ಬನೇ ಗಾಜು ಎತ್ತಿದ. ಅದು ಒಂದು ಕಡೆಗೆ ವಾಲಿತು. ಅಷ್ಟರಲ್ಲಿ ಯಾವುದೋ ಕೈ ಬಂದು ಆ ಕಡೆಯ ತುದಿ ಹಿಡಿಯಿತು.

ಗಾಜಿನಾಚೆ ನಿಂತಿದ್ದವರು ಗಿಟಾರ್ ವಾದಕರು.

“ಬಿಡಬೇಡಿ. ಬಿಟ್ರೆ ಇಬ್ಬರ ಕಾಲ ಮೇಲೂ ಬೀಳತ್ತೆ” ಎಂದ ಸಿಡಿಮಿಡಿ.

ಇಬ್ಬರೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ಗಾಜನ್ನು ಚೌಕಟ್ಟಿಗೆ ಕೂರಿಸಿದರು. ವಾದಕರು ಸಭಾಂಗಣದ ಕಡೆ ಹೋಗಿ, ಆಚೆಯಿಂದ ಎರಡೂ ಅಂಗೈ ಚಾಚಿ ಒತ್ತಿ ಹಿಡಿದರು. ಬಾಮೈದ ಪಟ್ಟಿಗಳೊಂದಿಗೆ ಬಂದವನು ಬಾಗಿಲಲ್ಲೇ ಕಲ್ಲಾದ. ಸಿಡಿಮಿಡಿ ಅವನ ಕೈಯಿಂದ ಪಟ್ಟಿ ಕಿತ್ತುಕೊಂಡು, ಮೊಳೆ ಬಾಯಲ್ಲಿಟ್ಟುಕೊಂಡು ಮೊದಲ ಪಟ್ಟಿ ಹೊಡೆಯತೊಡಗಿದ. ಅರ್ಧ ಜೀವಮಾನ ಆರಾಧಿಸಿದ ಮನುಷ್ಯ ಈಗ ಗೋಡೆಗೆ ಅಂಟಿಕೊಂಡು ಅವನ ಕೈಸೆರೆಯಾಗಿದ್ದ.

“ಕೂತ್ಕೊಳ್ಳೋ ಕಂಬ ಅಂದೋನು ನಾನೇ” ಎಂದ, ಮೊಳೆಗಳ ನಡುವಿನಿಂದ.

ವಾದಕರ ಮುಖ ಕೆಂಪಾಯಿತು. “ನೀವಾ? ನಿಮ್ಮನ್ನ ಇಪ್ಪತ್ತು ವರ್ಷದಿಂದ ಹುಡುಕ್ತಿದೀನಿ.”

“ಯಾಕೆ, ಸನ್ಮಾನ ಮಾಡಕ್ಕಾ? ತೆಗೆದು ಬಿಸಾಕಿದೀರಲ್ಲ.”

“ನಾನೇ ತೆಗೆಸಿದ್ದು. ಸ್ವಲ್ಪ ಯೋಚನೆ ಮಾಡಿ ಸ್ವಾಮಿ. ಅವತ್ತು ಮೊದಲನೇ ಸಲ ಧೈರ್ಯ ಮಾಡಿ ಎದ್ದು ನಿಂತು ನುಡಿಸಕ್ಕೆ ಹೊರಟಿದ್ದೆ. ಮೊದಲೇ ನಾನು ಆರಡಿ ಮೇಲಿದೀನಿ, ಸ್ಕೂಲಿಂದ ಇದೇ ಹಾಸ್ಯ ಕೇಳಿದೋನು. ಕತ್ತಲಿಂದ ನೀವು ಹಾಗಂದ್ರಿ. ಕುರ್ಚಿ ಹುಡುಕಿ ಕೂತ್ಕೊಂಡೆ. ಅವತ್ತಿಂದ ಕೂತೇ ನುಡಿಸ್ತಿದೀನಿ. ಬೆನ್ನು ಮುರಿದು ಹೋಗಿದೆ.”

ಧ್ಯಾನವೂ ಅಲ್ಲ, ತಂತಿಯೂ ಅಲ್ಲ. ಕುರ್ಚಿ.

ಸಿಡಿಮಿಡಿ ಸುತ್ತಿಗೆ ನಿಲ್ಲಿಸಿದ. “ನಿಮಗಲ್ಲ ರೀ ನಾನು ಹೇಳಿದ್ದು. ನನ್ನ ಮುಂದೆ ಒಬ್ಬ ಎದ್ದು ನಿಂತಿದ್ದ.”

“ಯಾರೋ ಒಬ್ಬನಿಗೆ ಹೇಳಿದ್ದಕ್ಕೆ ನಾನು ಇಷ್ಟು ವರ್ಷ ಕೂತಿದ್ನಾ?”

“ಎದ್ದು ನಿಂತಿದ್ರೆ ಯಾರು ಬೇಡ ಅಂತಿದ್ರು?”

“ಹೋದಲ್ಲೆಲ್ಲ ಕೇಳ್ತಾರೆ, ಆ ಕೂಗಿದೋನು ಯಾರು ಅಂತ. ನಾನು ಬೆರಳು ಸವೆಸಿ ನುಡಿಸಿದ್ದನ್ನ ಒಬ್ಬನೂ ಕೇಳಲ್ಲ. ನನ್ನ ಹಾಡಲ್ಲಿ ನಿಮ್ಮದೇನು ಸ್ವಾಮಿ ಕೆಲಸ?”

“ಹಾಗಾದ್ರೆ ಮೌನಾನೂ ತೆಗೀಬೇಕಿತ್ತು. ಆ ಮೌನಕ್ಕೇ ಅಲ್ವಾ ಎಲ್ಲರೂ ನಿಮ್ಮನ್ನ ಮಹಾಜ್ಞಾನಿ ಅಂತಿರೋದು? ಮೌನ ಇಟ್ಕೊಂಡ್ರಿ, ಮೌನಕ್ಕೆ ಕಾರಣ ಆದೋನನ್ನ ಒರೆಸಿಹಾಕಿದ್ರಿ. ವಾಪಸ್ ಹಾಕ್ತೀರೋ ಇಲ್ವೋ?”

“ಇಲ್ಲ.”

ಇಬ್ಬರೂ ಕೈ ಎತ್ತುವಂತಿಲ್ಲ, ಕಾಲು ಝಾಡಿಸುವಂತಿಲ್ಲ. ನಡುವೆ ಗಾಜು. ಒಬ್ಬರ ಸಿಟ್ಟಿನ ಉಸಿರು ಅತ್ತ, ಇನ್ನೊಬ್ಬನದು ಇತ್ತ, ಎರಡೂ ಕಡೆ ಮಂಜು ಕಟ್ಟಿತು. ಉಳಿದ ಪಟ್ಟಿಗಳನ್ನು ಸಿಡಿಮಿಡಿ ಒಂದೊಂದಾಗಿ ಹೊಡೆದ. ಇಂಥ ಬಿಗಿಯಾದ ಕೆಲಸ ಭಾವ ಯಾವತ್ತೂ ಮಾಡಿರಲಿಲ್ಲ ಎಂದು ಬಾಮೈದ ಈಗಲೂ ಹೇಳುತ್ತಾನೆ.

“ಈಗ ಬಿಡಬಹುದು.”

ವಾದಕರು ಕೈ ತೆಗೆದರು. ಗಾಜಿನ ಮೇಲೆ ಎರಡು ಅಂಗೈಗಳು, ಹತ್ತು ಬೆರಳುಗಳು ಗೆರೆ ಗೆರೆ ಸಮೇತ ಅಚ್ಚೊತ್ತಿದ್ದವು. ಆಲ್ಬಮ್ಮುಗಳನ್ನೆಲ್ಲ ನುಡಿಸಿದ ಅದೇ ಬೆರಳುಗಳು. ಸಿಡಿಮಿಡಿ ಚೀಲದಿಂದ ಬಟ್ಟೆ ತೆಗೆದು, ಆ ಕಡೆ ಹೋಗಿ, ನೀರು ಚಿಮುಕಿಸಿದ.

“ಭಾವ, ಬೇಡ. ಅದು ಅವರ ಕೈ ಗುರುತು” ಎಂದು ಬಾಮೈದ ಗೋಗರೆದ.

“ಗೊತ್ತು” ಎಂದು ಸಿಡಿಮಿಡಿ ನಿಧಾನವಾಗಿ, ಹೆಬ್ಬೆರಳಿಂದ ಶುರುಮಾಡಿ, ಒಂದೊಂದೇ ಒರೆಸಿದ. “ಸ್ವಚ್ಛ ಮಾಡ್ತಿದೀನಿ.”

ವಾದಕರು ನೋಡುತ್ತಾ ನಿಂತಿದ್ದರು. “ಒಂದು ಬೆರಳಾದ್ರೂ ಬಿಡಬಹುದಿತ್ತು” ಎಂದರು ಕೊನೆಗೆ.

“ಎರಡು ಸೆಕೆಂಡು ನೀವೂ ಬಿಡಬಹುದಿತ್ತು.”

ಸಂಜೆಯ ಕಾರ್ಯಕ್ರಮಕ್ಕೆ ಅವನು ಬರುವುದಿಲ್ಲವೆಂದು ನಾವು ಅಂದುಕೊಂಡೆವು. ಎಲ್ಲರಿಗಿಂತ ಮುಂಚೆ ಬಂದು ಮೂರನೇ ಸಾಲಿನಲ್ಲಿ ಕೂತಿದ್ದ. “ಸಿಟ್ಟು ಮನುಷ್ಯನ ಮೇಲೆ. ಹಾಡು ಏನು ಮಾಡ್ತು ಪಾಪ?” ಎಂದ. ಹಾಡು ಹಾಡಿಗೂ ತಲೆದೂಗಿದ, ನಡುನಡುವೆ ವಾದಕರನ್ನು ಬೈದ, ಮತ್ತೆ ತಲೆದೂಗಿದ.

ಕೊನೆಯ ಹಾಡು. ಗಿಟಾರ್ ಒಂಟಿಯಾಗುವ ಜಾಗ ಬಂತು. ವಾದಕರು ಕುರ್ಚಿಯಿಂದ ನಿಧಾನವಾಗಿ ಎದ್ದರು. ಎದ್ದು, ಬೆನ್ನು ನೆಟ್ಟಗೆ ಮಾಡಿ, ತಂತಿಯ ಮೇಲೆ ಬೆರಳಿಟ್ಟು ಹಾಗೇ ನಿಂತುಬಿಟ್ಟರು. ನುಡಿಸಲಿಲ್ಲ. ಕತ್ತಲೊಳಗೆ ನಮ್ಮ ಕಡೆಗೇ ನೋಡಿದರು. ಕಾದರು. ಸಭಾಂಗಣದಲ್ಲಿ ಒಂದು ಕುರ್ಚಿಯೂ ಕಿರಗುಟ್ಟಲಿಲ್ಲ. ನಮ್ಮ ನೆತ್ತಿಯ ಮೇಲೆ ಮೈಕುಗಳು ತೂಗುತ್ತಿದ್ದವು.

ಔಷಧಿ ಅಂಗಡಿಯವರು ಸಿಡಿಮಿಡಿಯ ಒಂದು ಪಕ್ಕೆಗೆ ತಿವಿದರು, ಮೇಡಂ ಇನ್ನೊಂದಕ್ಕೆ. “ಕೂಗ್ರೀ. ನಿಮಗೋಸ್ಕರಾನೇ ನಿಂತಿದಾರೆ.”

ಸಿಡಿಮಿಡಿ ಕೈಕಟ್ಟಿ, ತುಟಿ ಬಿಗಿದು ಕೂತಿದ್ದ. ಮತ್ತೊಮ್ಮೆ ತಿವಿತ ಬಿದ್ದಾಗ, ಹಲ್ಲುಗಳ ನಡುವೆಯೇ ಗೊಣಗಿದ:

“ಬೇಕಾದ್ರೆ ಅವನೇ ಕೂಗಿಕೊಳ್ಳಲಿ.”

ಆ ನಿಶ್ಶಬ್ದದಲ್ಲಿ ಅದು ಕೊನೆಯ ಸಾಲಿನವರೆಗೂ, ನೆತ್ತಿಯ ಮೇಲಿನ ಮೈಕುಗಳಿಗೂ ಕೇಳಿಸಿತು. ವಾದಕರು ತಲೆಯಾಡಿಸಿ, ನಿಂತೇ ನುಡಿಸತೊಡಗಿದರು.