ಕಂಪನಿಯ ಮನೆ, ತಾಯಿಯ ಮೊಣಕಾಲು

ಕನ್ನಡಕದ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ತೆರಿಗೆಪ್ಪ. ತೆರಿಗೆ ಉಳಿಸುವುದೊಂದೇ ಅವನ ಜನ್ಮದ ಗುರಿ. ಬಾಡಿಗೆಗೆಂದು ಕಟ್ಟಿಸಿದ ಕಟ್ಟಡ ಸ್ವಂತ ಹೆಸರಲ್ಲಿದ್ದರೆ ಅಂಗಡಿಯ ಲಾಭವೂ ಸೇರಿ ತೆರಿಗೆ ಏರುತ್ತದೆ, ಕಂಪನಿಯ ಹೆಸರಲ್ಲಿದ್ದರೆ ಇಳಿಯುತ್ತದೆ ಎಂದು ಯಾರೋ ಹೇಳಿದ್ದೇ ತಡ, ಕಂಪನಿಯೊಂದನ್ನು ಹುಟ್ಟಿಸಿ ಕಟ್ಟಡವನ್ನು ಅದಕ್ಕೆ ಬರೆದುಬಿಟ್ಟ. ಕಂಪನಿ ಅಂದರೆ ಇನ್ನೇನು, ಇವನು ಮತ್ತು ಇವನ ಹೆಂಡತಿ. ಉಳಿಸಬೇಕಾದದ್ದನ್ನೆಲ್ಲ ನೋಂದಣಿಯ ಖರ್ಚೇ ನುಂಗಿತು. ಗುಡ್ಡ ಅಗೆದು ಇಲಿ ಹಿಡಿದ ಮಹಾಶಯ, ಎದೆಯುಬ್ಬಿಸಿಕೊಂಡು ಓಡಾಡಿದ.

ಅವನ ತಾಯಿ ನಿವೃತ್ತ ನರ್ಸ್. ವಾರ್ಡಿನಲ್ಲಿ ನಿಂತೂ ನಿಂತೂ ಆಕೆಯ ಮೊಣಕಾಲುಗಳು ಸವೆದುಹೋಗಿದ್ದವು. ಆಕೆ ಇದ್ದದ್ದು ಮಗನ ಜೊತೆ, ಮೂರನೇ ಮಹಡಿಯ ಮನೆಯಲ್ಲಿ, ಲಿಫ್ಟ್ ಇಲ್ಲ. ಕಂಪನಿಗೆ ಬರೆದ ಆ ಕಟ್ಟಡದಲ್ಲಿ ನೆಲಮಹಡಿಯ ಮನೆ ಖಾಲಿಯಾದಾಗ ಆಕೆ ಬಾಯಿಬಿಟ್ಟು ಕೇಳಿದಳು. ಕೇಳುವ ಅಭ್ಯಾಸವೇ ಇಲ್ಲದವಳು.

“ಅಮ್ಮಾ, ಕಂಪನಿ ಮನೇಲಿ ನೀನು ಬಿಟ್ಟಿ ಇದ್ರೆ, ಅದು ನಂಗೆ ಸಿಕ್ಕ ಲಾಭ ಅಂತ ನನ್ನ ಮೇಲೇ ತೆರಿಗೆ ಹಾಕ್ತಾರೆ.”

“ನೋಯೋ ಕಾಲು ನಂದಲ್ವೇನೋ?”

“ಕಾನೂನು ಹಾಗಿದೆ. ಮೀಟಿಂಗ್ ಮಾಡಿ ನೋಡ್ತೀವಿ.”

ಮೀಟಿಂಗ್ ಊಟದ ಮೇಜಿನಲ್ಲೇ ನಡೆಯಿತು. ಡೈರೆಕ್ಟರುಗಳಲ್ಲದವರು ಇರಕೂಡದೆಂದು ತಾಯಿಯನ್ನು ಒಳಕೋಣೆಗೆ ಕಳಿಸಿದರು. ಥೂ, ನಾಚಿಕೆಗೆಟ್ಟವನೇ! ಹೆತ್ತವಳನ್ನು ಬಾಗಿಲಾಚೆ ಕೂರಿಸಿ ಅವಳ ಮೊಣಕಾಲಿನ ಮೇಲೆ ನಿರ್ಣಯ ಬರೆಯುವುದಕ್ಕೆ ಎಂಥ ಕಲ್ಲೆದೆ ಬೇಕು? ಸೊಸೆ ಬಟಾಣಿ ಸುಲಿಯುತ್ತಲೇ ಕೈಯೆತ್ತಿದಳು. ಪೇಟೆಯ ದರದಲ್ಲಿ ಬಾಡಿಗೆ ಕೊಟ್ಟರೆ ಮಾತ್ರ ಮನೆ ಎಂದು ತೀರ್ಮಾನವಾಯಿತು.

ಗೋಡೆಯಾಚೆ ಎಲ್ಲ ಕೇಳಿಸಿತ್ತು. ಮುದುಕಿ ಅಳಲಿಲ್ಲ, ಇಂಥವನಿಗಾಗಿ ಅಳುವುದು ದಂಡವೆನಿಸಿತು. ಮರುದಿನ ಕಂಬಿ ಹಿಡಿದು, ತಿರುವುಗಳಲ್ಲಿ ಕೂತು ಎದ್ದು, ಕೆಳಗಿಳಿದಳು. ಎದುರು ಬೀದಿಯ ಬೇಕರಿಯವಳಿಂದ ಅಂಗಡಿಯ ಹಿಂದಿನ ಕೋಣೆಯನ್ನು ತನ್ನ ಪಿಂಚಣಿಯಲ್ಲಿ ಬಾಡಿಗೆಗೆ ಹಿಡಿದಳು. ಮತ್ತೆ ಮೇಲೆ ಹತ್ತಲೇ ಇಲ್ಲ, ಬಟ್ಟೆಬರೆಯನ್ನು ಬೇಕರಿಯವಳೇ ಹೋಗಿ ತಂದಳು.

ವಾರ ಕಳೆದ ಮೇಲೆ ಮಗ ಬಂದ. ಎಷ್ಟು ಹೇಸಿಕೊಂಡಿದ್ದರೂ ಹೆತ್ತ ಕರುಳು ನೋಡಿ, ಕರೆಯೋಕೆ ಬಂದನೇನೋ ಎಂದು ಒಂದು ಗಳಿಗೆ ಆಸೆಪಟ್ಟಿತು. ಆಕೆ ಕುರ್ಚಿ ಎಳೆದು ಹಾಕಿದಳು. ಅವನು ಕೂರದೆ ಗೋಡೆ, ಸೂರು, ನಲ್ಲಿ ಎಲ್ಲ ನೋಡಿ, ಬಾಡಿಗೆ ಎಷ್ಟೆಂದು ಕೇಳಿದ. ಹೇಳಿದಳು. ಅವನ ಮುಖ ಸಣ್ಣಗಾಯಿತು.

“ಅಯ್ಯೋ ಅಮ್ಮಾ, ಬಾಡಿಗೆ ಕೊಡೋಳಾಗಿದ್ರೆ ಆ ದುಡ್ಡು ನಮ್ಮ ಕಂಪನಿಗೇ ಕೊಡಬಹುದಿತ್ತಲ್ಲ!”

ಆಕೆ ಆ ಕುರ್ಚಿಯಲ್ಲಿ ತಾನೇ ಕೂತು ಕಾಲು ನೀಡಿಕೊಂಡಳು.

“ಹೋಗ್ತಾ ಬಾಗಿಲು ಎಳ್ಕೊಂಡು ಹೋಗಪ್ಪ,” ಎಂದಳು.