ಅತ್ತೆ ಮುಚ್ಚಿದ ಹಬೆಯ ತೂತು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ದೇವನಹಳ್ಳಿಯ ಮನೆಯ ಬಚ್ಚಲಲ್ಲಿ, ನಮ್ಮ ಸೋದರತ್ತೆ ಹಂಡೆಯ ಮುಚ್ಚಳದಲ್ಲಿದ್ದ ತೂತಿಗೆ ಕಲಸಿದ ರಾಗಿ ಹಿಟ್ಟು ಮೆತ್ತಿ, ಮೇಲೊಂದು ರುಬ್ಬುಗುಂಡು ಇಟ್ಟರು. ಸೋರುವ ಪಾತ್ರೆಗೆಲ್ಲ ಅವರದು ರಾಗಿ ಹಿಟ್ಟಿನದೇ ಮದ್ದು. ಹಬೆ ಹೊರಗೆ ಹೋಗಲೆಂದೇ ಆ ತೂತು ಕೊರೆಸಿದ್ದವನು ನಾನು. ಬಿ.ಎಸ್ಸಿ. ಓದಿದ್ದೆ, ಆದರೆ ತೂತು ಯಾಕೆಂದು ಅತ್ತೆಗೆ ಒಂದು ಮಾತೂ ಹೇಳಿರಲಿಲ್ಲ.

ಹಂಡೆಯೊಳಗೆ ಸೀಸೆಗಳಲ್ಲಿ ಜೋಳ ಬೇಯುತ್ತಿತ್ತು. ಅದಕ್ಕಂಟಿದ ಬೂಷ್ಟೆಲ್ಲ ಸತ್ತ ಮೇಲೆ ಆ ಜೋಳದಲ್ಲಿ ಅಣಬೆಯ ಬೀಜ ಬೆಳೆಸುವುದು ನನ್ನ ಯೋಜನೆ. ಮುಚ್ಚಳವನ್ನು ತಂತಿಯಿಂದ ಬಿಗಿದು ಅಂಚಿಗೆ ಮಣ್ಣು ಮೆತ್ತಿದ್ದೆ.

"ಯುದ್ಧದ ಕಾಲ್ದಾಗೆ ರೇಷನ್ ಜೋಳಾನ ನಾಯಿಕೊಡೆಗೆ ಉಣಿಸ್ತೀಯಲ್ಲೋ, ಮನುಷ್ಯರು ಸತ್ತೋದ್ರಾ?" ಎನ್ನುತ್ತ ಅತ್ತೆ ಒಲೆ ಊದುತ್ತಿದ್ದರು. ನಾನು ಬಾಗಿಲಿಗೆ ಬಂದಾಗ ಹಂಡೆ ನಡುಗುತ್ತಿತ್ತು. ಅತ್ತೆಯನ್ನು ಎಳೆಯಲು ಕೈ ಚಾಚಿದೆ. ಅಷ್ಟರಲ್ಲಿ ಅಂಗಳದಲ್ಲಿ ಹರವಿದ್ದ ಜೋಳಕ್ಕೆ ಕೋಳಿ ಬಾಯಿ ಹಾಕಿತು. ಅತ್ತೆ ಅದರ ವಂಶವನ್ನೆಲ್ಲ ಬೈಯುತ್ತ ನನ್ನನ್ನೂ ತಳ್ಳಿಕೊಂಡು ಹೊರಗೋಡಿದರು. ಹಿಂದೆಯೇ ಸಿಡಿಲು ಬಡಿದಂತಾಯಿತು. ಮುಚ್ಚಳ, ಗುಂಡು ಎರಡೂ ಹೆಂಚು ಒಡೆದುಕೊಂಡು ಹಾರಿದವು. ಅವರು ಕೂತಿದ್ದ ಮಣೆಯ ತುಂಬ ಗಾಜಿನ ಚೂರು.

"ಹಂಡೆಗೆ ಮೈಮೇಲೆ ದೇವರು ಬಂತೇನೋ?" ಎಂದರು ಅತ್ತೆ.

ಆಮೇಲೆ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಅತ್ತೆ ಏಳದೆ ಒಲೆ ಊದುತ್ತಲೇ ಇರುತ್ತಿದ್ದರು. ಎದ್ದೆದ್ದು ಹೋಗಿ ಅವರ ಉಸಿರು ನೋಡಿ ಬರುತ್ತಿದ್ದೆ. ಒಂಬತ್ತನೆಯ ದಿನ ಅವರೇ ನನ್ನ ಚಾಪೆಯನ್ನು ತಮ್ಮ ಕೋಣೆಯ ಬಾಗಿಲಿಗೆ ಎಳೆದು ಹಾಕಿ, "ಇಲ್ಲೇ ಬಿದ್ಕೋ. ಗೊರಕೆ ಕೇಳಿಸ್ತಾ ಇದ್ರೆ ಬದುಕಿದೀನಿ ಅನ್ಕೋ" ಎಂದರು. ಅಂದು ಬೆಳಗಿನ ತನಕ ನಿದ್ದೆ ಮಾಡಿದೆ.