ರಫೀಕಾಕನ ಖಾಲಿ ಮನೆಗಳು

ಗಲ್ಫ್ ಬಿಟ್ಟು ಬಂದವನು ಮಂಗಳೂರಿನ ಮನೆಗೆ ಬಣ್ಣ ಹೊಡೆಸುತ್ತಿದ್ದೇನೆ. ಹಸಿ ಬಣ್ಣದ ವಾಸನೆ ನಿಮಗೆ ಹಬ್ಬವನ್ನು ನೆನಪಿಸಬಹುದು. ನನಗೆ ನೆನಪಾಗುವುದು ಸೌದಿಯ ಅಲ್ ಖೋಬರ್‌ನಲ್ಲಿದ್ದ ರಫೀಕಾಕ.

ಉಪ್ಪಿನಂಗಡಿಯ ರಫೀಕಾಕ ಚಿತ್ರಕಲೆ ಕಲಿತವರು. ಇಕಾಮಾದಲ್ಲಿ, ಅಂದರೆ ಅಲ್ಲಿನ ವಾಸದ ಪರವಾನಗಿಯಲ್ಲಿ, ಮಾತ್ರ ಪೇಂಟರ್. ತಮಗೆ ವೀಸಾ ಕೊಟ್ಟ ಅರಬಿ ಧಣಿಯ, ಕಫೀಲನ, ಬಾಡಿಗೆ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ. ಜೊತೆಗಿರುವ ಕುಟುಂಬದ ಮೇಲೆ ಅಲ್ಲಿನ ಸರ್ಕಾರ ತಲೆಗಿಷ್ಟೆಂದು ತಿಂಗಳ ಶುಲ್ಕ ಹಾಕಿದ ಕಾಲ ಅದು; ನಮ್ಮವರೆಲ್ಲ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸುತ್ತಿದ್ದರು. ಹಾಗೆ ಖಾಲಿಯಾದ ಮನೆಯಲ್ಲಿ, ಡಬ್ಬ ತೆರೆಯುವ ಮೊದಲು, ರಫೀಕಾಕ ಗೋಡೆ, ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಇಲ್ಲಿ ಮಂಚವಿತ್ತು, ಮಗು ಈ ಗೋಡೆ ಹಿಡಿದು ನಡೆಯಲು ಕಲಿಯಿತು, ಹೀಗೆ. ಎಲ್ಲ ಮನೆಯವರನ್ನೇ ಕೇಳಿ ತಿಳಿದದ್ದು. ಶುಕ್ರವಾರ ನಮಾಜಿನ ನಂತರ ನಾಲ್ಕು ಜನರಿಗೆ ತೋರಿಸಿ, ಒರೆಸಿ, ಬಣ್ಣ ಹೊಡೆದುಬಿಡುತ್ತಿದ್ದರು. ಫೋಟೋ ತೆಗೆಯಲು ಬಿಡುತ್ತಿರಲಿಲ್ಲ. ಇದೂ ಒಂದು ಕಲೆಯೆಂದು ನನಗೇನು ಗೊತ್ತು? ಬಿರಿಯಾನಿ ಇರಬಹುದೆಂದು ಹೋಗುತ್ತಿದ್ದವನು ನಾನು.

ನನ್ನ ಹೆಂಡತಿ, ಮಗಳೂ ಹೊರಟರು. ನಾನು ಗೆಳೆಯರ ರೂಮು ಸೇರಿದ ವಾರ ರಫೀಕಾಕ ನನ್ನ ಹಳೆಯ ಮನೆಗೇ ಕರೆದರು. ಹಾಲ್‌ನ ನೆಲದ ಮೇಲೆ, ನಾವು ಊಟಕ್ಕೆ ಕೂರುತ್ತಿದ್ದಲ್ಲಿ, ಮೂರು ಬಟ್ಟಲುಗಳ ಗೆರೆ.

"ಕೂತ್ಕೊ ಮಾರಾಯ, ಅದು ನಿನ್ನ ಜಾಗ."

ಕುಳಿತೆ. ಎದುರಿನ ಎರಡು ಗೆರೆಗಳನ್ನು ನೋಡುತ್ತ ಅತ್ತುಬಿಟ್ಟೆ.

ಕೊನೆಗೆ ಯಾರೋ ಕದ್ದು ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದರು. ಕಫೀಲ್ ಕೆಂಡವಾದ. "ನನ್ನ ಕಟ್ಟಡವನ್ನು ನೀನು ಸಾವಿನ ಮನೆ ಮಾಡಿದೆ, ಇನ್ನು ಬಾಡಿಗೆಗೆ ಯಾರು ಬರ್ತಾರೆ ಅಂತ ಕೇಳಿದ," ಎಂದರು ರಫೀಕಾಕ. ಇಕಾಮಾ ರದ್ದಾಯಿತು. ದಮ್ಮಾಮ್ ವಿಮಾನ ನಿಲ್ದಾಣಕ್ಕೆ ಬಿಡಲು ಹೋದಾಗ ಕೇಳಿದೆ:

"ಊರಲ್ಲಿ ಎಂತ ಮಾಡ್ತೀರಿ?"

"ಅಲ್ಲಿ ಯಾರ ಮನೆಯೂ ಹೀಗೆ ಖಾಲಿ ಆಗುದಿಲ್ಲ ಅಲ್ವಾ? ನಂಗೆ ಎಂತ ಕೆಲಸ?"

ಆ ಫೋಟೋ ನೋಡಿ ಬೆಂಗಳೂರಿನ ಗ್ಯಾಲರಿಯೊಂದರವರು ಅವರನ್ನು ಹುಡುಕಿಕೊಂಡು ಬಂದರಂತೆ. ತೋರಿಸಲು ಏನಿತ್ತು? ಮಾಡಿದ್ದೆಲ್ಲ ಒರೆಸಿಹೋಗಿತ್ತು. ನಮ್ಮಲ್ಲೇ ಬಂದು ಬಿಡಿಸಿ ಎಂದರೆ, "ನಿಮ್ಮಲ್ಲಿ ಯಾರೂ ಸಂಸಾರ ಮಾಡಿಲ್ಲವಲ್ಲ" ಎಂದುಬಿಟ್ಟರಂತೆ. ಮತ್ತೆ ಇದ್ದಿಲು ಮುಟ್ಟಲಿಲ್ಲ. ಕೆಲವು ವರ್ಷಗಳಲ್ಲಿ ಎದೆನೋವಿನಿಂದ ತೀರಿಕೊಂಡರು. ಖೋಬರ್‌ನಲ್ಲಿದ್ದ ನನಗೆ ಮಯ್ಯತ್ತಿನ ಮುಖ ನೋಡುವುದಕ್ಕೂ ಆಗಲಿಲ್ಲ.

ಇವತ್ತು ಸಂಜೆ ಬಣ್ಣದವರು ಹೋದ ಮೇಲೆ ಹೆಂಡತಿ, "ಮಂಚ ಎಲ್ಲಿ ಹಾಕುದು?" ಎಂದಳು. ವರ್ಷಕ್ಕೊಮ್ಮೆ ನೆಂಟನಂತೆ ಬಂದುಹೋಗುತ್ತಿದ್ದವನು ಅವಳನ್ನೇ ಕೇಳಿದೆ:

"ನಾನಿಲ್ಲದಾಗ ನೀನು ಎಲ್ಲಿ ಮಲಗ್ತಿದ್ದದ್ದು?"

ಅವಳು ಅಡುಗೆಮನೆಯ ಪಕ್ಕದ, ಕಿಟಕಿಯಿಲ್ಲದ ಚಿಕ್ಕ ಕೋಣೆಯನ್ನು ತೋರಿಸಿದಳು.

"ಇಲ್ಲಿ," ಎಂದಳು. "ದೊಡ್ಡ ರೂಮಲ್ಲಿ ನಿದ್ದೆ ಬರ್ತಿರ್ಲಿಲ್ಲ."